ಗಿಣ್ಣಿನ ಮೊದಲ ಪಾಲು ಯಾರಿಗೆ?

(ಹಾಲು ಉತ್ಪಾದಕರ ಸಂಘದ ಮುಂದೆ ಸೇರಿದ್ದ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಹೊಲಗದ್ದೆಯ ಮಾತು ಬಿಟ್ಟು ಈ ದಿನ ಕೊಡುಕೊಳ್ಳುವ ಮಾತು ಆಡಬೇಕೆಂದು ಬಂದಿದ್ದೇನೆ. ಗೊಬ್ಬರದ ವಿಷಯ ಕೇಳಲು ಬಂದವರು ಸ್ವಲ್ಪ ತಾಳ್ಮೆಯಿಂದಿರಬೇಕು. ಎಲ್ಲಿ ಸುತ್ತಿದರೂ ಕೊನೆಗೆ ಕೊಟ್ಟಿಗೆಗೇ ಬಂದು ಸೇರುತ್ತೇನೆ.

ನಮ್ಮ ಹಳ್ಳಿಗಳಲ್ಲಿ ಒಬ್ಬರಿಗೊಬ್ಬರು ಕೊಡುವುದಕ್ಕೆ ಇರುವಷ್ಟು ಕಟ್ಟುಪಾಡು ಬೇರೆ ಯಾವುದಕ್ಕೂ ಇಲ್ಲವೆಂದು ಕಾಣುತ್ತದೆ. ಮದುವೆಯ ಚಪ್ಪರದಲ್ಲಿ ಮುಯ್ಯಿ ಬರೆಯುವವರ ಮುಂದೆ ನೂರು ರೂಪಾಯಿ ಇಟ್ಟರೆ ಸಾಲದು, ಅದರ ಮೇಲೊಂದು ರೂಪಾಯಿ ಬೇಕು. ಸೊನ್ನೆಗೆ ನಿಂತರೆ ಸಂಬಂಧವೂ ಅಲ್ಲಿಗೇ ನಿಂತಿತು ಎನ್ನುತ್ತಾರೆ. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ. ಚಾಕು, ಕತ್ತರಿ, ಕುಡುಗೋಲನ್ನು ಕೈಗೆ ಕೊಡದೆ ನೆಲದ ಮೇಲಿಡಬೇಕು. ಎಳ್ಳನ್ನು ಯಾರಿಂದಲೂ ಬಿಟ್ಟಿ ಪಡೆಯಬಾರದು. ತವರಿನಲ್ಲಿ ಮಡಿಲು ತುಂಬಿಸಿಕೊಂಡ ಮಗಳು ಒಂದು ಹಿಡಿ ಅಕ್ಕಿಯನ್ನು ಅಲ್ಲಿಯೇ ಬಿಟ್ಟು ಹೊರಡಬೇಕು. ಇನ್ನು ದೀಪ ಹಚ್ಚಿದ ಮೇಲಂತೂ ಹಾಲು, ಮೊಸರು, ಮಜ್ಜಿಗೆ, ಕಾಸು ಯಾವುದೂ ಹೊಸಲು ದಾಟುವಂತಿಲ್ಲ. ಅವುಗಳ ಹಿಂದೆಯೇ ಲಕ್ಷ್ಮಿಯೂ ಹೊರಟುಹೋಗುತ್ತಾಳಂತೆ. ಅದರಲ್ಲಿಯೂ ಶುಕ್ರವಾರವಾದರೆ ಕೇಳುವುದೇ ಬೇಡ.

ಇವನ್ನೆಲ್ಲ ಹೀಯಾಳಿಸುವುದಕ್ಕೆ ನಾನು ಬಂದಿಲ್ಲ. ಕುಡುಗೋಲನ್ನು ನೆಲದ ಮೇಲಿಟ್ಟರೆ ಯಾರ ಬೆರಳೂ ಕೊಯ್ಯುವುದಿಲ್ಲ. ಮುಯ್ಯಿಯ ಮೇಲಿನ ಒಂದು ರೂಪಾಯಿಯಿಂದ ಯಾವ ಮನೆಯೂ ಮುಳುಗಿಲ್ಲ. ಮುಳುಗಿದ್ದರೆ ಅದರ ಹಿಂದಿನ ಸೊನ್ನೆಗಳಿಂದ. ಹೀಗೆ ನೂರು ನಂಬಿಕೆ ನಮ್ಮ ಪಾಡಿಗೆ ಇದ್ದುಕೊಂಡರೂ ನಷ್ಟವಿಲ್ಲ. ಆದರೆ ಒಂದು ಕೊಡುಗೆಯಲ್ಲಿ ಮಾತ್ರ ನಮಗೆ ತಿಳಿಯದಂತೆಯೇ ಪ್ರಾಣಹಾನಿಯಾಗುತ್ತಿದೆ. ಅದು ಗಿಣ್ಣು ಹಂಚುವುದು.

ಹಸು ಕರು ಹಾಕಿದ ಮನೆಯವರು ಗಿಣ್ಣುಹಾಲನ್ನು ನೆರೆಹೊರೆಗೆ ಕೊಡಬೇಕು, ಮುಚ್ಚಿಟ್ಟು ತಿಂದರೆ ಕೆಚ್ಚಲಿಗೆ ದೃಷ್ಟಿಯಾಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಚೊಂಬಿನ ಮುಚ್ಚಳದ ಮೇಲೊಂದು ಇದ್ದಿಲ ಚೂರು ಇಟ್ಟು ಕಳುಹಿಸುತ್ತಾರೆ. ಪಡೆದವರು ಆ ಚೊಂಬನ್ನು ಬರಿದಾಗಿ ಹಿಂತಿರುಗಿಸುವಂತಿಲ್ಲ, ನಾಲ್ಕು ಕಾಳು ಅಕ್ಕಿಯನ್ನೋ ಬೆಲ್ಲದ ಚೂರನ್ನೋ ಹಾಕಿ ಕೊಡಬೇಕು. ಎಷ್ಟು ಒಳ್ಳೆಯ ಪದ್ಧತಿ! ಡೇರಿಯವರು ಮುಟ್ಟದ ಹಾಲು ಬೀದಿಯ ಮಕ್ಕಳ ಬಾಯಿಗೆ ಬೆಲ್ಲ ಏಲಕ್ಕಿಯೊಡನೆ ಸೇರುತ್ತದೆ. ತಪ್ಪಾಗುವುದು ಹಂಚುವುದರಲ್ಲಲ್ಲ, ಹಂಚುವ ಸರದಿಯಲ್ಲಿ.

ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇನೆ. ನಾನು ಆಗ ಕೃಷಿ ಡಿಪ್ಲೊಮಾದ ಎರಡನೆಯ ವರ್ಷದಲ್ಲಿದ್ದೆ, ರಜೆಗೆಂದು ಊರಿಗೆ ಬಂದಿದ್ದೆ. ಒಂದು ಸಂಜೆ ನಮ್ಮ ಮಿಶ್ರತಳಿಯ ಹಸು ಹೆಣ್ಣುಕರು ಹಾಕಿತು. ಕಸ ಬೀಳುವವರೆಗೆ ಕರುವನ್ನು ಕೆಚ್ಚಲಿಗೆ ಬಿಡಬಾರದೆಂದು ಅಜ್ಜಿ ಅದನ್ನು ಮೂಲೆಯಲ್ಲಿ ಕಟ್ಟಿಸಿದರು. ಕಸ ಬಿದ್ದದ್ದು ಬೆಳಗಿನ ಜಾವ. ಆಮೇಲೆ ಕರೆದ ಗಟ್ಟಿ ಹಾಲಿನಲ್ಲಿ ಮೊದಲ ಚೊಂಬು ದೇವಸ್ಥಾನಕ್ಕೆ, ಉಳಿದದ್ದು ಏಳು ಮನೆಗೆ ಹೋಯಿತು. ಕರುವಿಗೆ ಸಿಕ್ಕಿದ್ದು ಕೊನೆಯ ನಾಲ್ಕು ಗುಟುಕು. ಹೆಚ್ಚು ಕುಡಿಸಿದರೆ ಭೇದಿಯಾಗುತ್ತದೆ ಎಂಬ ಭಯ ಬೇರೆ! ಆ ಕರುವಿಗೆ ಏನು ಬೇಕೆಂಬುದನ್ನು ನಾನು ಪಾಠದಲ್ಲಿ ಬರೆದುಕೊಂಡಿದ್ದೆ, ಪರೀಕ್ಷೆಯಲ್ಲಿಯೂ ಬರೆದಿದ್ದೆ. ಅಜ್ಜಿಯ ಎದುರು ಬಾಯಿ ಬಿಡಲಿಲ್ಲ.

ಮೂರನೆಯ ದಿನ ಕರುವಿಗೆ ಬಿಳಿ ಭೇದಿ ಹತ್ತಿತು. ಪಶುವೈದ್ಯರು ಬಂದವರೇ ಮೊದಲು ಕೇಳಿದ ಪ್ರಶ್ನೆ, “ಗಿಣ್ಣು ಕುಡಿಸಿದ್ದು ಎಷ್ಟು ಹೊತ್ತಿಗೆ?” ಎಂದು. ಔಷಧ ಕೊಟ್ಟರು, ಐದನೆಯ ದಿನ ಕರು ಸತ್ತಿತು. ಅಷ್ಟಕ್ಕೇ ಮುಗಿಯಲಿಲ್ಲ. ಪಕ್ಕದ ಮನೆಯ ದೊಡ್ಡಮ್ಮ ಚೊಂಬನ್ನು ತೊಳೆದು ಬರಿದಾಗಿ ಕಳುಹಿಸಿದ್ದರು. ಅದರಿಂದಲೇ ಕೇಡಾಯಿತೆಂದು ಅಜ್ಜಿ ಅಂದರು, ಅವರು ಕೇಳಿಸಿಕೊಂಡರು. ಎರಡು ವರ್ಷ ಎರಡೂ ಮನೆಗೆ ಮಾತಿರಲಿಲ್ಲ. ತಪ್ಪು ಚೊಂಬಿನದಲ್ಲ, ನಮ್ಮದು ಎಂದು ಎರಡೂ ಮನೆಗೆ ಹೇಳುವ ಧೈರ್ಯ ನನಗೆ ಬರಬೇಕಾದರೆ ಅಷ್ಟು ಕಾಲ ಹಿಡಿಯಿತು.

ಇದರ ಕಾರಣ ಕೇಳಿ. ಮನುಷ್ಯರ ಮಗು ಹೊಟ್ಟೆಯಲ್ಲಿರುವಾಗಲೇ ತಾಯಿಯ ರೋಗನಿರೋಧಕ ಶಕ್ತಿಯಲ್ಲಿ ಪಾಲು ಪಡೆದು ಹುಟ್ಟುತ್ತದೆ. ಹಸುವಿನ ಮಾಸಿನ ರಚನೆಯೇ ಬೇರೆ. ಅದರ ಮೂಲಕ ಆ ಶಕ್ತಿ ದಾಟುವುದಿಲ್ಲ. ಆದ್ದರಿಂದ ಕರು ಬರಿಗೈಯಲ್ಲಿ ಹುಟ್ಟುತ್ತದೆ. ತಾಯಿ ಕೊಡಬೇಕಾದುದನ್ನೆಲ್ಲ ಗಿಣ್ಣಿನಲ್ಲಿ ತುಂಬಿಟ್ಟಿರುತ್ತಾಳೆ. ಅದರಲ್ಲಿಯೂ ಮೊದಲ ಕರೆತದ ಹಾಲೇ ಎಲ್ಲಕ್ಕಿಂತ ಗಟ್ಟಿ. ಎರಡನೆಯದರಲ್ಲಿ ಆ ಸತ್ವ ಕಡಿಮೆ, ಮೂರನೆಯದರಲ್ಲಿ ಇನ್ನೂ ಕಡಿಮೆ. ಇತ್ತ ಕರುವಿನ ಕರುಳೂ ಕಾಯುತ್ತ ಕೂಡುವುದಿಲ್ಲ. ಹುಟ್ಟಿದ ಗಳಿಗೆಯಲ್ಲಿ ತೆರೆದಿರುವ ಅದರ ಬಾಗಿಲು ಗಂಟೆಗಂಟೆಗೂ ಮುಚ್ಚುತ್ತ ಬಂದು, 24 ಗಂಟೆಯಾಗುವಷ್ಟರಲ್ಲಿ ಪೂರ್ತಿ ಮುಚ್ಚಿದಂತೆಯೇ. ಅಲ್ಲಿಂದಾಚೆಗೆ ಕೊಡಪಾನ ಕುಡಿಸಿದರೂ ಅದು ಆಹಾರವಾದೀತು, ರಕ್ಷಣೆ ರಕ್ತಕ್ಕೆ ಸೇರದು. ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ರಾಲ್ಫ್ ಲಿಟ್ಲ್ ಎಂಬ ವಿಜ್ಞಾನಿಗಳು 1922ರಷ್ಟು ಹಿಂದೆಯೇ ಗಿಣ್ಣು ಕುಡಿದ ಕರುಗಳನ್ನೂ ಕುಡಿಯದ ಕರುಗಳನ್ನೂ ಹೋಲಿಸಿ ನೋಡಿದರು. ಕುಡಿಯದವುಗಳಲ್ಲಿ ಹೆಚ್ಚಿನವು ಸತ್ತವು.

“ನಮ್ಮ ತಾತನ ಕಾಲದಲ್ಲಿಯೂ ಗಿಣ್ಣು ಹಂಚುತ್ತಿದ್ದರಲ್ಲ, ಆಗ ಕರು ಬದುಕುತ್ತಿರಲಿಲ್ಲವೆ?” ಎಂದು ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಆಗಿನ ನಾಟಿ ಹಸು ಎಷ್ಟೋ ಸಲ ಬಯಲಿನಲ್ಲಿಯೇ ಈಯುತ್ತಿತ್ತು. ಯಾರೂ ನೋಡುವ ಮೊದಲೇ ಕರು ಎದ್ದು ಹೊಟ್ಟೆತುಂಬ ಕುಡಿದಿರುತ್ತಿತ್ತು. 1974ರಲ್ಲಿ ನಮ್ಮ ರಾಜ್ಯದಲ್ಲಿ ವಿಶ್ವಬ್ಯಾಂಕಿನ ನೆರವಿನ ಹೈನು ಅಭಿವೃದ್ಧಿ ಯೋಜನೆ ಮೊದಲಾದ ಮೇಲೆ ಮಿಶ್ರತಳಿಯ ಹಸು ಮನೆಮನೆಗೂ ಬಂದಿತು. ಕರು ಈಗ ನಮ್ಮ ಕೈಯಲ್ಲಿ, ನಮ್ಮ ಹಗ್ಗದಲ್ಲಿ. ನಾವು ಕುಡಿಸಿದರೆ ಉಂಟು.

ಆದುದರಿಂದ ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಕುಡಿಸಿ. ಕರುವಿನ ತೂಕದ ಹತ್ತರಲ್ಲೊಂದು ಪಾಲು ಮೊದಲ ದಿನದಲ್ಲಿ ಹೊಟ್ಟೆಗೆ ಹೋಗಬೇಕು: 25 ಕಿಲೋ ಕರುವಿಗೆ ಎರಡೂವರೆ ಲೀಟರ್. ಅದರಲ್ಲಿ ಅರ್ಧದಷ್ಟಾದರೂ ಮೊದಲ ಸಲವೇ ಹೋದರೆ ಒಳ್ಳೆಯದು. ಕರು ಚೀಪದಿದ್ದರೆ ತೊಳೆದ ಬೆರಳನ್ನು ಹಾಲಿನಲ್ಲಿ ಅದ್ದಿ ಬಾಯಿಗಿಟ್ಟು ಅಭ್ಯಾಸ ಮಾಡಿಸಿ. ಗಿಣ್ಣನ್ನು ಒಲೆಯ ಮೇಲೆ ಕಾಯಿಸಬೇಡಿ, ಒಡೆಯುತ್ತದೆ, ಗುಣವೂ ಕೆಡುತ್ತದೆ. ಆರಿದ್ದರೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿದರೆ ಸಾಕು. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಲು ಮರೆಯಬೇಡಿ. ಕಸ ಬೀಳುವುದನ್ನು ಕಾಯುವ ಅಗತ್ಯವೇ ಇಲ್ಲ. ಕರು ಮೊಲೆ ಚೀಪಿದಾಗ ಹಸುವಿನ ಗರ್ಭಕೋಶ ಕುಗ್ಗಿ, ಕಸ ಬೀಳುವುದಕ್ಕೆ ಸಹಾಯವೇ ಆಗುತ್ತದೆ. ಹನ್ನೆರಡು ಗಂಟೆ ಕಳೆದರೂ ಬೀಳದಿದ್ದರೆ ಪಶುವೈದ್ಯರನ್ನು ಕರೆಯಿರಿ. ಕೈಯಿಂದ ಎಳೆಯುವುದು, ಕಲ್ಲು ಕಟ್ಟುವುದು ಬೇಡ.

ಹಾಗಾದರೆ ನೆರೆಯವರಿಗೆ? ಧಾರಾಳವಾಗಿ ಕೊಡಿ. ಒಳ್ಳೆಯ ಮಿಶ್ರತಳಿಯ ಹಸುವಿನಲ್ಲಿ ಕರು ಕುಡಿದು ಮಿಗುವಷ್ಟು ಇರುತ್ತದೆ. ಎರಡನೆಯ, ಮೂರನೆಯ ದಿನದ ಹಾಲೂ ಗಿಣ್ಣಾಗುತ್ತದೆ. ಮೊದಲ ದಿನದ್ದು ಅತಿ ಗಟ್ಟಿಯೆಂದು ಬರೀ ಹಾಲು ಬೆರೆಸುವವರು ನೀವೇ ಅಲ್ಲವೆ, ತಾಯಂದಿರೇ?

ನಮ್ಮ ಅಜ್ಜಿ ಈಗ ಕರುವನ್ನು ಮೊದಲ ಮನೆಯೆಂದು ಲೆಕ್ಕ ಹಿಡಿಯುತ್ತಾರೆ, ದೇವರ ಚೊಂಬು ಎರಡನೆಯದು. ಕಳೆದ ವರ್ಷ ಪಕ್ಕದ ಮನೆಯ ದೊಡ್ಡಮ್ಮನ ಹಸು ಕರು ಹಾಕುವಾಗ ಸತ್ತುಹೋಯಿತು, ಕರು ಉಳಿಯಿತು. ನಮ್ಮ ಹಸು ಹಿಂದಿನ ದಿನವಷ್ಟೇ ಈದಿತ್ತು. ಮೊದಲ ಕರೆತದಲ್ಲಿ ನಮ್ಮ ಕರು ಕುಡಿದು ಮಿಕ್ಕದ್ದನ್ನು ಫ್ರಿಜ್ಜಿನಲ್ಲಿ ಇಟ್ಟಿದ್ದೆವು. ಆಗ ದೀಪ ಹಚ್ಚಿ ಆಗಿತ್ತು, ಶುಕ್ರವಾರ ಬೇರೆ. ಅಜ್ಜಿ ಒಂದು ಗಳಿಗೆ ಹೊಸಲ ಬಳಿ ನಿಂತರು. ಆಮೇಲೆ ಚೊಂಬಿನ ಮೇಲೆ ಇದ್ದಿಲ ಚೂರು ಇಟ್ಟುಕೊಂಡು ತಾವೇ ಹೊರಟರು. ನಾನು ಆ ಇದ್ದಿಲಿನ ವಿಷಯ ಎತ್ತಲಿಲ್ಲ. ಚೊಂಬು ಮರುದಿನ ಬೆಲ್ಲದ ಅಚ್ಚಿನೊಡನೆ ಹಿಂದಿರುಗಿತು. ಆ ಕರು ಈಗ ಕಡಸು.

ತಾಯಿಯಿಲ್ಲದ ಕರು ಯಾರ ಕೊಟ್ಟಿಗೆಯಲ್ಲಿಯೂ ಹುಟ್ಟಬಹುದು. ಮುಂದಿನ ಎರಡು ತಿಂಗಳಲ್ಲಿ ನಿಮ್ಮ ಯಾವ ಹಸು ಈಯುವುದಿದೆಯೆಂಬುದನ್ನು ಸಂಘದ ಕಾರ್ಯದರ್ಶಿಯವರ ಹತ್ತಿರ ಈ ದಿನವೇ ಬರೆಸಿ ಹೋಗಿ. ಆರೋಗ್ಯವಾಗಿರುವ, ಕಂದು ಹಾಕಿಲ್ಲದ ಹಸುವಿನ ಗಿಣ್ಣು ಯಾವ ಮನೆಯಲ್ಲಿ ಸಿಕ್ಕೀತೆಂದು ಎಲ್ಲರಿಗೂ ತಿಳಿದಿರಲಿ. ಪುಸ್ತಕ ಅಗೋ ಆ ಮೇಜಿನ ಮೇಲಿದೆ.