ಇಬ್ನ್ ಬತೂತ ಕಂಡ ಅಪರಿಚಿತ ಊರುಗಳು
(ಉಪನ್ಯಾಸದ ಲಿಖಿತ ರೂಪ)



ಪ್ರವಾಸ ಸಾಹಿತ್ಯದ ಮಾತು ಬಂದಲ್ಲೆಲ್ಲ ಇಬ್ನ್ ಬತೂತರ ಹೆಸರು ಬರುತ್ತದೆ. 1304ರಲ್ಲಿ ಮೊರೊಕ್ಕೊದ ತಂಜೀರ್ ನಗರದಲ್ಲಿ ಜನಿಸಿದ ಅವರು, 1325ರಲ್ಲಿ ಹಜ್ಜ್‌ಗೆಂದು ಹೊರಟು ತಾಯ್ನಾಡಿಗೆ ಹಿಂದಿರುಗಿದ್ದು 1349ರಲ್ಲಿ. ಕೈರೋ, ದಮಾಸ್ಕಸ್, ದಿಲ್ಲಿಗಳ ವೈಭವವನ್ನು ವರ್ಣಿಸಿದ್ದಕ್ಕಾಗಿ ಅವರನ್ನು ಹೊಗಳುವುದು ವಾಡಿಕೆ. ಆದರೆ ಆ ನಗರಗಳ ಕುರಿತು ಬರೆದವರು ಬೇರೆಯೂ ಇದ್ದರು. ದಮಾಸ್ಕಸ್‌ನ ವರ್ಣನೆಯಲ್ಲಂತೂ ಅವರಿಗಿಂತ ಹಿಂದಿನ ಇಬ್ನ್ ಜುಬೈರ್‌ರ ಬರಹದಿಂದ ಪಡೆದ ಭಾಗಗಳಿರುವುದನ್ನು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಇತರರು ಹೋಗದ, ಹೋದರೂ ಬರೆದಿಡದ ಊರುಗಳಲ್ಲಿಯೇ ಅವರ ಕೃತಿಯ ನಿಜವಾದ ಬೆಲೆಯಿದೆ ಎಂಬುದು ನನ್ನ ಅಭಿಪ್ರಾಯ.

1352ರಲ್ಲಿ ಅವರು ಸಿಜಿಲ್ಮಾಸಾದಿಂದ ಸಹಾರಾ ಮರುಭೂಮಿಗಿಳಿದರು. ಇಪ್ಪತ್ತೈದು ದಿನಗಳ ಬಳಿಕ ಸಿಕ್ಕಿದ್ದು ತಗಾಝಾ. ಅಲ್ಲಿ ಮರವೇ ಇಲ್ಲ. ಮನೆಗಳ ಗೋಡೆ ಉಪ್ಪಿನ ಚಪ್ಪಡಿಯದು, ಛಾವಣಿ ಒಂಟೆಯ ಚರ್ಮದ್ದು. ಮಸೀದಿಯೂ ಉಪ್ಪಿನದೇ. ಅಲ್ಲಿ ನೆಲ ಅಗೆದು ಉಪ್ಪು ತೆಗೆಯುತ್ತಿದ್ದವರು ಗುಲಾಮರು.

ಮುಂದೆ ಮಾಲಿ ಸಾಮ್ರಾಜ್ಯ. ಮನ್ಸಾ ಸುಲೈಮಾನ್‌ರ ಕಡೆಯಿಂದ ಸ್ವಾಗತದ ಕಾಣಿಕೆ ಬಂದಿದೆಯೆಂದಾಗ ಇಬ್ನ್ ಬತೂತ ನಿಲುವಂಗಿ, ಹಣಗಳ ನಿರೀಕ್ಷೆಯಲ್ಲಿ ಎದ್ದು ನಿಂತರಂತೆ. ಬಂದದ್ದು ಮೂರು ರೊಟ್ಟಿ, ಒಂದು ತುಂಡು ಹುರಿದ ಮಾಂಸ, ಸೋರೆಬುರುಡೆಯಲ್ಲಿ ಮೊಸರು! ಅವರಿಗೆ ನಗು ತಡೆಯಲಾಗಲಿಲ್ಲ. ಅರಸನನ್ನು ಜಿಪುಣನೆಂದೂ ಬರೆದರು. ಆದರೂ ಆ ನಾಡಿನ ನ್ಯಾಯವನ್ನು ಅವರು ಮರೆಮಾಚಲಿಲ್ಲ. ಅಲ್ಲಿ ಪ್ರಯಾಣಿಕನಿಗೆ ಕಳ್ಳರ ಭಯವಿಲ್ಲ. ವಿದೇಶಿಯೊಬ್ಬ ಮೃತಪಟ್ಟರೆ ಅವನ ಸೊತ್ತನ್ನು ಯಾರೂ ಕಬಳಿಸುವುದಿಲ್ಲ, ನಂಬಿಗಸ್ತರ ಬಳಿ ಇರಿಸಿ ವಾರಸುದಾರರಿಗೆ ಒಪ್ಪಿಸಲಾಗುತ್ತದೆ. ವಲಾತಾದಲ್ಲಿ ಸ್ತ್ರೀಯರು ಪರಪುರುಷರೊಂದಿಗೆ ಸ್ನೇಹದಿಂದ ಮಾತನಾಡುವುದನ್ನು ಕಂಡು ಅವರು ಕೆರಳಿದರು. ಅದೇ ಜನರು ನಮಾಝ್‌ನಲ್ಲಿ ನಿಷ್ಠರು, ಫಿಕ್ಹ್ ಕಲಿಯುವವರು ಎಂಬುದನ್ನೂ ದಾಖಲಿಸಿದರು. ಹದಿನಾಲ್ಕನೇ ಶತಮಾನದ ಮಾಲಿಯನ್ನು ಕಣ್ಣಾರೆ ಕಂಡು ಬರೆದ ಬೇರೊಂದು ವೃತ್ತಾಂತ ನಮಗೆ ಉಳಿದಿಲ್ಲ. ಮುನಿಸಿನಲ್ಲಿ ಅವರು ಅರ್ಧ ಸತ್ಯವನ್ನಷ್ಟೇ ಬರೆದಿದ್ದರೆ, ಉಳಿದರ್ಧ ಶಾಶ್ವತವಾಗಿ ಕಳೆದುಹೋಗುತ್ತಿತ್ತು.

ಇದಕ್ಕೆ ಹತ್ತು ವರ್ಷಗಳ ಹಿಂದೆ, 1340ರ ದಶಕದ ಆರಂಭದಲ್ಲಿ, ಅವರು ನಮ್ಮ ಹೊನ್ನಾವರಕ್ಕೂ ಬಂದಿದ್ದರು. ತಂಜೀರ್‌ನವರಿಗೆ ಅದೂ ಒಂದು ಅಪರಿಚಿತ ಊರೇ. ಹೊಲಿಗೆಯಿಲ್ಲದ ವಸ್ತ್ರವನ್ನು ಉಡುವ ಅಲ್ಲಿನ ಸ್ತ್ರೀಯರು ಕುರ್‌ಆನ್ ಕಂಠಪಾಠ ಮಾಡಿದವರೆಂದು ಅವರು ಬರೆದಿದ್ದಾರೆ. ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಎಣಿಸಿದ್ದಾರೆ. ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲವೆಂದೂ ಸೇರಿಸಿದ್ದಾರೆ. ಹೆಣ್ಣುಮಕ್ಕಳ ಶಿಕ್ಷಣವನ್ನು ನಿನ್ನೆ ಮೊನ್ನೆ ಬೀಸಿದ ಗಾಳಿಯೆಂದು ಶಂಕಿಸುವ ಹಿರಿಯರು ಈ ಹದಿಮೂರರ ಲೆಕ್ಕವನ್ನೊಮ್ಮೆ ಓದಬೇಕು.

ಆದರೆ ಎಲ್ಲವನ್ನೂ ಎಣಿಸುವ ಈ ಕಣ್ಣು ಎಲ್ಲವನ್ನೂ ಕಂಡಿತೆಂದು ನಾನು ಹೇಳಲಾರೆ. 1353ರಲ್ಲಿ ತಕದ್ದಾದಿಂದ ಅವರು ಹಿಂದಿರುಗಿದ ಕಾರವಾನಿನಲ್ಲಿ ಆರುನೂರು ಗುಲಾಮ ಸ್ತ್ರೀಯರಿದ್ದರು. ಮುಂದಿನ ಪುಟಗಳಲ್ಲಿ ಅಟ್ಲಾಸ್ ಪರ್ವತದ ಹಿಮದ ದಾರಿಯಲ್ಲಿ ತಾವು ಪಟ್ಟ ಪಾಡನ್ನು ಬುಖಾರಾ, ಸಮರ್‌ಕಂದ್‌ಗಳ ಹಿಮದೊಂದಿಗೆ ಹೋಲಿಸಿ ಅವರು ವಿವರಿಸುತ್ತಾರೆ. ಆ ಆರುನೂರು ಮಂದಿಯ ಕುರಿತು ಕೃತಿಯಲ್ಲಿರುವುದು ಸಂಖ್ಯೆ ಮಾತ್ರ.