ತತ್ತ್ವ ಕೊನೆಯ ಹೊಲ ಮುಟ್ಟಬೇಕು

 

ಧರ್ಮಪ್ರಚಾರದಲ್ಲಿ ಸಮೂಹ ಮಾಧ್ಯಮಗಳ ಬಳಕೆ ಕುರಿತು ಮಾತನಾಡಲು ತಿಳಿಸಿದ್ದೀರಿ. ನಾನು ಸರ್ಕಾರಿ ಎಂಜಿನಿಯರ್ ಆಗಿ ನಿವೃತ್ತನಾದವನು. ಅಣೆಕಟ್ಟು ತುಂಬಿತೆಂದರೆ ನೀರಾವರಿ ಮುಗಿಯಲಿಲ್ಲ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಿತೇ ಎಂದು ನೋಡಬೇಕು. ತತ್ತ್ವಕ್ಕೂ ಇದೇ ಲೆಕ್ಕ. ಈ ಕೆಲಸ ಬಲ್ಲವರು ಯಾವ ಧರ್ಮದವರಾದರೂ ಅವರಿಂದ ಕಲಿಯಲು ಸಂಕೋಚ ಬೇಡ. ಆಫ್ರಿಕಾದ ಕ್ಯಾಥೊಲಿಕರು ಏನು ಮಾಡಿದರೆಂದು ನೋಡೋಣ.

ಅಷ್ಟು ದೂರ ಏಕೆ ಎನ್ನುವವರು ಮೊದಲು ಕನಕಪುರ ತಾಲ್ಲೂಕಿನ ಹಾರೋಬೆಲೆಗೆ ಹೋಗಿಬನ್ನಿ. ಗುಡ್‌ಫ್ರೈಡೆಯ ಆಸುಪಾಸಿನಲ್ಲಿ ಅಲ್ಲಿಯ ಕ್ರೈಸ್ತರು ಯೇಸುವಿನ ಕಥೆಯನ್ನು ಕನ್ನಡದಲ್ಲಿ ನಾಟಕವಾಡುತ್ತಾರೆ. ಪಾತ್ರಧಾರಿಗಳು ಊರಿನವರೇ. ಓದು ಬಾರದವನಿಗೂ ಅದು ತಿಳಿಯುತ್ತದೆ. ಪಾತ್ರ ಮಾಡಿದವನಂತೂ ಸಾಯುವವರೆಗೆ ಮರೆಯುವುದಿಲ್ಲ. ಕೇಳುವವನೇ ಹೇಳುವವನಾಗುವುದು, ಇದೇ ಅದರ ಬಲ.

ರೋಮಿನಲ್ಲಿ 1931ರಲ್ಲಿ ಮಾರ್ಕೋನಿ ವ್ಯಾಟಿಕನ್ ರೇಡಿಯೊ ಕಟ್ಟಿಕೊಟ್ಟರು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಮಾಧ್ಯಮಗಳಿಗಾಗಿಯೇ ಒಂದು ನಿರ್ಣಯ ಹೊರಡಿಸಿತು. ಆದರೆ ಆಫ್ರಿಕಾದ ಹಳ್ಳಿಗಳನ್ನು ಮುಟ್ಟಿದ್ದು ಅಲ್ಲಿಯದೇ ಭಾಷೆಗಳಲ್ಲಿ ನುಡಿದ ರೇಡಿಯೊ. ಟಾಂಜಾನಿಯಾ, ಉಗಾಂಡಾಗಳಲ್ಲಿ ನಡೆಯುವ ರೇಡಿಯೊ ಮರಿಯಾಕ್ಕೆ ಜಾಹೀರಾತಿಲ್ಲ. ಕೇಳುಗರ ಕಾಣಿಕೆ, ಸ್ವಯಂಸೇವಕರ ದುಡಿಮೆ, ಇಷ್ಟೇ ಬಂಡವಾಳ. ನಮ್ಮ ಮಾತಿನಲ್ಲಿ ಹೇಳುವುದಾದರೆ ದಾಸೋಹ.

ಜಿಂಬಾಬ್ವೆ ಆಗ ಬಿಳಿಯರು ಆಳುತ್ತಿದ್ದ ರೊಡೇಷಿಯಾ. ಅಲ್ಲಿನ ಕ್ಯಾಥೊಲಿಕ್ ಮುದ್ರಣಾಲಯ ಮಾಂಬೊ ಪ್ರೆಸ್ 1959ರಿಂದ 'ಮೋಟೊ' ಎಂಬ ಪತ್ರಿಕೆ ತಂದಿತು. ಶೋನಾ ಭಾಷೆಯಲ್ಲಿ ಮೋಟೊ ಎಂದರೆ ಬೆಂಕಿ. ಕರಿಯರಿಗೆ ಆಗುತ್ತಿದ್ದ ಅನ್ಯಾಯವನ್ನು ಬರೆದದ್ದಕ್ಕೆ ಸರ್ಕಾರ 1974ರಲ್ಲಿ ಅದನ್ನು ನಿಷೇಧಿಸಿತು. ಜನರ ಕಷ್ಟ ಬರೆದ ಪತ್ರಿಕೆ ಹೇಳುವ ದೇವರ ಮಾತನ್ನು ಜನ ನಂಬುತ್ತಾರೆ.

ಇನ್ನೊಂದು ಮುಖವನ್ನೂ ಹೇಳಲೇಬೇಕು. ರುವಾಂಡಾದ ಬಹುಪಾಲು ಜನ ಆಗ ಕ್ಯಾಥೊಲಿಕರಾಗಿದ್ದರು. 1994ರಲ್ಲಿ ಅಲ್ಲಿಯ ಒಂದು ಖಾಸಗಿ ರೇಡಿಯೊ ಟುಟ್ಸಿಗಳನ್ನು ಜಿರಲೆಗಳೆಂದು ಕರೆದು ಕೊಲ್ಲಲು ಹುರಿದುಂಬಿಸಿತು. ಸುಮಾರು ನೂರು ದಿನಗಳಲ್ಲಿ ಲಕ್ಷಾಂತರ ಜನ ಸತ್ತರು. ಭಾನುವಾರ ಪ್ರಾರ್ಥನೆಗೆ ಹೋಗುತ್ತಿದ್ದವರೂ ಮಚ್ಚು ಹಿಡಿದರು. ಉಪದೇಶ ಕಿವಿಯಲ್ಲಿ ಉಳಿದು ನಡತೆಗೆ ಇಳಿಯದಿದ್ದರೆ ಯಾವ ಯಂತ್ರವೂ ಕಾಪಾಡದು.

ನಮ್ಮಲ್ಲಿ ಈ ಕೆಲಸ ಹೊಸದಲ್ಲ. ಫ.ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ' ತಂದರು, ಮನೆ ಮಾರಿ ವಿಜಯಪುರದಲ್ಲಿ ಮುದ್ರಣಾಲಯ ನಡೆಸಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಅವರು ಕೆರೆ ತುಂಬಿಸಿ ಹೋದರು. ನಾವು ತೂಬು ತೆಗೆದಿದ್ದೇವೆಯೇ? ನಮ್ಮ ನೇರಪ್ರಸಾರಗಳಲ್ಲಿ ಅರ್ಧ ಹೊತ್ತು ಹಾರ, ಶಾಲು, ಸ್ವಾಗತ. ವಾಟ್ಸಾಪಿನಲ್ಲಿ ಬೆಳಿಗ್ಗೆ ವಚನ ಕಳಿಸಿದ ಕೈಯೇ ಸಂಜೆ ಇನ್ನೊಂದು ಜಾತಿಯ ನಿಂದೆಯನ್ನು ಮುಂದಕ್ಕೆ ತಳ್ಳುತ್ತದೆ. ರುವಾಂಡಾ ಶುರುವಾದದ್ದೂ ಇಂಥ ಮಾತಿನಿಂದಲೇ.

ಆದ್ದರಿಂದ ನನ್ನ ಸೂಚನೆ ಚಿಕ್ಕದು. ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ರಾಮನಗರದ ತಾಯಿಗೆ, ಗೊಂಬೆಗೆ ಅರಗಿನ ಬಣ್ಣ ಹಿಡಿಸುವ ಚನ್ನಪಟ್ಟಣದ ಕುಶಲಕರ್ಮಿಗೆ ಕೈ ಬಿಡುವಿಲ್ಲ, ಕಿವಿಗೆ ಬಿಡುವಿದೆ. ವಾರಕ್ಕೊಮ್ಮೆ ಹದಿನೈದು ನಿಮಿಷದ ಧ್ವನಿ ಸಾಕು. ಒಂದು ವಚನ, ಅದನ್ನು ತನ್ನ ಕಾಯಕದಿಂದ ಅರ್ಥೈಸುವ ಒಬ್ಬ ದುಡಿಯುವವರು, ಕೊನೆಗೆ ಕೇಳುಗರ ಪ್ರಶ್ನೆಗಳಿಗೆ ಉತ್ತರ. ಮಾತನಾಡುವವರು ಎಲ್ಲ ಜಾತಿಯವರೂ ಇರಲಿ, ಹೆಣ್ಣುಮಕ್ಕಳು ಅರ್ಧದಷ್ಟಿರಲಿ. ಅನುಭವ ಮಂಟಪದಲ್ಲಿ ಎಲ್ಲ ಜಾತಿಯವರೂ ಹೆಣ್ಣುಮಕ್ಕಳೂ ಇದ್ದರು. ನಿಂದೆಯ ಸಂದೇಶ ಯಾರು ಕಳಿಸಿದರೂ ಅದು ನಮ್ಮ ಕೈಯಲ್ಲಿ ನಿಲ್ಲಲಿ.

ಇದಕ್ಕೆ ದೊಡ್ಡ ಸ್ಟುಡಿಯೊ ಬೇಡ, ಒಂದು ಮೊಬೈಲ್ ಸಾಕು. ಪ್ರತಿ ತಾಲ್ಲೂಕಿನಿಂದ ಇಬ್ಬರು ಮುಂದೆ ಬಂದರೆ ಧ್ವನಿಮುದ್ರಣ ಕಲಿಸುವ ಕಾಯಕ ನನ್ನದು. ಸಭೆ ಮುಗಿದ ಮೇಲೆ ದಯವಿಟ್ಟು ಹೆಸರು ಬರೆಸಿ.