ಬಾಯಿಬಿಟ್ಟು ಯೋಚಿಸಿ

ಗಾದಿಗನೂರಿನ ತಮ್ಮಂದಿರೇ, ತಂಗಿಯರೇ,

ಹಿಂದೆ ಸಾಫ್ಟ್‌ವೇರ್ ಕೆಲಸದ ಸಂದರ್ಶನ ಅಂದರೆ ಹೊಸಪೇಟೆಗೆ ಹೋಗಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಬೇಕಿತ್ತು. ಬೆಳಿಗ್ಗೆ ಬೆಂಗಳೂರಿನ ನಿಲ್ದಾಣದಲ್ಲೇ ಮುಖ ತೊಳೆದು, ಮುದುಡಿದ ಅಂಗಿಯಲ್ಲೇ ಕಂಪನಿಯ ಬಾಗಿಲಿಗೆ ಓಡಬೇಕಿತ್ತು. 2020ರ ಕೊರೋನಾ ಈ ಪದ್ಧತಿಯನ್ನು ತಿರುಗಿಸಿಹಾಕಿತು. ಈಗ ಎಷ್ಟೋ ಕಂಪನಿಗಳ ಮೊದಲ ಸುತ್ತುಗಳು ಲ್ಯಾಪ್‌ಟಾಪಿನಲ್ಲೇ ಮುಗಿಯುತ್ತವೆ. ರೈಲಿನ ಖರ್ಚು ಉಳಿಯಿತು. ಜೊತೆಗೆ ಭಯವೂ ಉಳಿಯಿತು: “ನಮ್ಮದು ಹಳ್ಳಿ, ಇಂಗ್ಲಿಷು ಅಷ್ಟಕ್ಕಷ್ಟೇ.”

ಈ ಭಯಕ್ಕೆ ಉತ್ತರ ನಿಮ್ಮ ಪಕ್ಕದ ತುಂಗಭದ್ರಾ ಅಣೆಕಟ್ಟೆಯಲ್ಲೇ ಇದೆ. 2024ರ ಆಗಸ್ಟ್ 10ರ ರಾತ್ರಿ, 33 ಕ್ರೆಸ್ಟ್ ಗೇಟುಗಳ ಪೈಕಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಎಂಜಿನಿಯರುಗಳು ಮೊದಲು ಉಳಿದ ಗೇಟುಗಳನ್ನು ತೆರೆದು ಅಣೆಕಟ್ಟೆಯ ಮೇಲಿನ ಒತ್ತಡ ಇಳಿಸಿದರು. ಆಮೇಲೆ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಸ್ಟಾಪ್‌ಲಾಗ್ ಗೇಟನ್ನು ಒಂದೊಂದೇ ತುಂಡಾಗಿ ಇಳಿಸಿದರು. ವಾರದೊಳಗೆ ನೀರು ನಿಂತಿತು.

ಸಂದರ್ಶಕರು ನಿಮ್ಮಲ್ಲಿ ಹುಡುಕುವುದೂ ಇದನ್ನೇ: ಗಾಬರಿಯಾಗದೆ, ದೊಡ್ಡದನ್ನು ತುಂಡುಮಾಡಿ ಬಿಡಿಸುವ ಬುದ್ಧಿ. ಆದರೆ ಆ ಬುದ್ಧಿ ಅವರಿಗೆ ಕೇಳಿಸಬೇಕು. ಎದುರು ಕೂತಾಗ ನಿಮ್ಮ ಮುಖ, ಪೆನ್ನು, ಗೀಚಿದ ಕಾಗದ ಎಲ್ಲವೂ ಮಾತಾಡುತ್ತವೆ. ಪರದೆಯಲ್ಲಿ ನೀವು ಸುಮ್ಮನಾದರೆ “ನೆಟ್ ಹೋಯಿತೇನೋ” ಅಂದುಕೊಳ್ಳುತ್ತಾರೆ.

ಏರಿಕೆ ಕ್ರಮದಲ್ಲಿರುವ 10 ಲಕ್ಷ ಸಂಖ್ಯೆಗಳಲ್ಲಿ ಒಂದನ್ನು ಹುಡುಕಲು ಕೇಳಿದರು ಅನ್ನಿ. ಕೂಡಲೇ ಕೋಡ್ ಬರೆಯಬೇಡಿ. “ಮೊದಲಿಂದ ಒಂದೊಂದೇ ನೋಡಬಹುದು, ಆದರೆ 10 ಲಕ್ಷ ಸಲ ನೋಡಬೇಕಾದೀತು. ಕ್ರಮದಲ್ಲಿದೆಯಲ್ಲ, ನಡುವಿನದನ್ನು ನೋಡಿ ಅರ್ಧ ಬಿಟ್ಟುಬಿಡುತ್ತೇನೆ. ಹೀಗೆ ಮಾಡಿದರೆ ಹೆಚ್ಚೆಂದರೆ 20 ಸಲ ಸಾಕು” ಎಂದು ಹೇಳಿ. ಪಟ್ಟಿ ಖಾಲಿಯಿದ್ದರೆ? ಆ ಸಂಖ್ಯೆಯೇ ಇಲ್ಲದಿದ್ದರೆ? ಅದನ್ನೂ ನೀವೇ ಎತ್ತಿ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಇದಕ್ಕೆಲ್ಲ ಬೇಕಾಗುವುದು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳು. ಭಾಷಣದ ಇಂಗ್ಲಿಷ್ ಬೇಕಿಲ್ಲ.

ಊರಿನ ತೊಡಕುಗಳಿಗೆ ಮೊದಲೇ ದಾರಿ ಹುಡುಕಿಕೊಳ್ಳಿ. ಕರೆಂಟ್ ಹೋದೀತು: ಲ್ಯಾಪ್‌ಟಾಪ್, ಮೊಬೈಲ್ ಎರಡೂ ಪೂರ್ತಿ ಚಾರ್ಜ್ ಆಗಿರಲಿ. ನೆಟ್ ಕೈಕೊಟ್ಟೀತು: ಬೇರೆ ಕಂಪನಿಯ ಸಿಮ್‌ನ ಹಾಟ್‌ಸ್ಪಾಟ್ ಸಿದ್ಧವಿರಲಿ. ಗೂಡ್ಸ್ ಗಾಡಿ ಹಾರ್ನ್ ಹಾಕೀತು: ಕಿಟಕಿ ಮುಚ್ಚಿ, ಇಯರ್‌ಫೋನ್ ಹಾಕಿಕೊಳ್ಳಿ. ಆದರೂ ಕೇಳಿಸಿದರೆ “ಮನೆ ಪಕ್ಕ ರೈಲು ಹೋಗ್ತಿದೆ, ಒಂದು ನಿಮಿಷ” ಅನ್ನಿ. ಅಷ್ಟಕ್ಕೆ ಯಾರೂ ಅಂಕ ಕಳೆಯುವುದಿಲ್ಲ.

ಕಳೆಯುವುದು ಕಳ್ಳತನ. ಪಕ್ಕದಲ್ಲಿ ಗೆಳೆಯನನ್ನು ಕೂರಿಸಿಕೊಂಡು ಉತ್ತರ ಹೇಳಿಸಿಕೊಂಡರೆ, “ಇಲ್ಲಿ ಹೀಗೇಕೆ ಬರೆದಿರಿ?” ಎಂಬ ಮುಂದಿನ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ. ಕೆಲಸ ಕೊಡಲು ದುಡ್ಡು ಕೇಳುವವರ ಕರೆಯನ್ನಂತೂ ಅಲ್ಲೇ ಕತ್ತರಿಸಿ.

ಮೊದಲ ಸಲ ಆಗದಿರಬಹುದು. ಕೇಳಿದ ಪ್ರಶ್ನೆಗಳನ್ನು ಅಂದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ಸಂದರ್ಶನಕ್ಕೆ ಅದೇ ನಿಮ್ಮ ಪಠ್ಯಪುಸ್ತಕ. ಇವತ್ತು ಸಂಜೆಯೇ ಗೆಳೆಯನೊಬ್ಬನಿಗೆ, ಗೆಳತಿಯೊಬ್ಬಳಿಗೆ ವಿಡಿಯೋ ಕಾಲ್ ಮಾಡಿ. ಅರ್ಧ ಗಂಟೆ ಅವರು ಕೇಳಲಿ, ನೀವು ಹೇಳಿ. ಆಮೇಲೆ ನೀವು ಕೇಳಿ, ಅವರು ಹೇಳಲಿ. ಮೊದಲ ಲೆಕ್ಕ ಕನ್ನಡದಲ್ಲೇ ಬಿಡಿಸಿ.